ಹಳೆಯ ಬೋಟು, ಹೊಸ ಲೆಕ್ಕ

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಅದರ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಹಳೆಯ ಮನೆ ಕೊಳ್ಳುವ ಜಾಣ ಜೋರು ಮಳೆ ಬರುವ ದಿನವೇ ಹೋಗಿ ಮಾಡಿನ ಕೆಳಗೆ ನಿಂತು ಬರುತ್ತಾನೆ. ಹಾಗಾದರೆ ಹಳೆಯ ಬೋಟು ಕೊಳ್ಳುವವನು ಏನು ನೋಡಬೇಕು? ಕಣ್ಣಿಗೆ ಕಾಣುವುದು ನೀರಿನ ಮೇಲಿನ ಭಾಗ, ಬಣ್ಣ, ಬರೆದ ಹೆಸರು. ಜೀವ ಕಾಯುವುದು ನೀರಿನ ಕೆಳಗಿನ ಭಾಗ. ಅದನ್ನು ನೋಡಲು ಕಣ್ಣೊಂದೇ ಸಾಲದು, ಸ್ವಲ್ಪ ಲೆಕ್ಕವೂ ಬೇಕು.

ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ಉದ್ದ. 1970ರ ದಶಕದ ನಡುವಿನವರೆಗೆ ಇಲ್ಲಿ ರಂಪಣಿಯದೇ ದೊಡ್ಡಸ್ತಿಕೆ. ಊರಿಗೆ ಊರೇ ಸೇರಿ ದಡಕ್ಕೆ ಎಳೆಯುತ್ತಿದ್ದ ಬಲೆ ಅದು. ಆಮೇಲೆ ಪರ್ಸೀನ್ ಬೋಟುಗಳು ಬಂದವು, ಟ್ರಾಲ್ ಬೋಟುಗಳು ಹೆಚ್ಚಿದವು. ದಡದಲ್ಲಿ ನಿಂತು ಬಲೆ ಎಳೆಯುತ್ತಿದ್ದ ಕೈಗಳು ಕಡಲಿನೊಳಗೆ ದೂರ ದೂರ ಹೋಗಬೇಕಾಯಿತು. ದೂರ ಹೋಗಲು ದೊಡ್ಡ ಬೋಟು ಬೇಕು. ಹೊಸ ಬೋಟು ಎಲ್ಲರ ಕೈಗೆಟುಕುವುದಿಲ್ಲ. ಹೀಗಾಗಿ ಮಲ್ಪೆ, ಗಂಗೊಳ್ಳಿ, ಮಂಗಳೂರುಗಳಲ್ಲಿ ಹಳೆಯ ಬೋಟುಗಳು ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತಲೇ ಇರುತ್ತವೆ.

ಮಲ್ಪೆ ಸಮೀಪದ ಮೀನುಗಾರರೊಬ್ಬರ ಮನೆಯಲ್ಲಿ ಒಂದು ವರ್ಷ ಇದೇ ಮಾತು. ಅವರಲ್ಲಿದ್ದದ್ದು 28 ಅಡಿಯ ನಾಡದೋಣಿ, ಅದಕ್ಕೊಂದು ಚಿಕ್ಕ ಔಟ್‌ಬೋರ್ಡ್ ಎಂಜಿನ್. ಬೆಳಗಿನ ಜಾವ ಹೋಗಿ ಮಧ್ಯಾಹ್ನಕ್ಕೆ ಮರಳುವ ದುಡಿಮೆ. ಹದಿನೆಂಟು ವರ್ಷ ಹೀಗೆ ನಡೆದಿತ್ತು. ಈಗ ಬಂಗುಡೆ, ಬೂತಾಯಿ ಸಿಕ್ಕ ದಿನ ಸಿಕ್ಕಿತು, ಇಲ್ಲದ ದಿನ ಇಲ್ಲ. ಎರಡು ಮೂರು ರಾತ್ರಿ ಕಡಲಲ್ಲೇ ಇರಬಲ್ಲ ಬೋಟು ಬೇಕು ಎಂದು ಅವರಿಗೆ ಅನ್ನಿಸಿತು. ಕೂಡಿಟ್ಟ ಹಣ, ಸಹಕಾರಿ ಸಂಘದ ಸಾಲ, ಹೆಂಡತಿಯ ಚಿನ್ನ ಎಲ್ಲ ಸೇರಿದರೆ ಹಳೆಯದೊಂದು ಬಂದೀತು. ಆದರೆ ಅದೇ ಹಣದಲ್ಲಿ ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದ ಮಗಳ ಮುಂದಿನ ಓದೂ ಸಾಗಬೇಕಿತ್ತು.

ಕಣ್ಣಿಗೆ ಬಿದ್ದದ್ದು ಎರಡು ಬೋಟು. ಒಂದು 53 ಅಡಿಯದು. ಮರದ್ದು, ಮೇಲೆ ಫೈಬರ್ ಹೊದಿಕೆ, ಹೊಸ ಬಣ್ಣ, ಎತ್ತರದ ಕ್ಯಾಬಿನ್. ಇನ್ನೊಂದು 40 ಅಡಿಯದು. ಪೂರ್ತಿ ಫೈಬರಿನದ್ದು, ಬಣ್ಣ ಹೋಗಿ ಮಂಕಾಗಿತ್ತು. ನಾಡದೋಣಿಯನ್ನೂ ಮಾರಿದರೆ ದೊಡ್ಡದಕ್ಕೆ ಹಣ ಸಾಲುತ್ತಿತ್ತು. ಚಿಕ್ಕದಕ್ಕೆ ನಾಡದೋಣಿ ಮಾರಬೇಕಿರಲಿಲ್ಲ. ಮನಸ್ಸು ದೊಡ್ಡದರ ಕಡೆಗೇ ವಾಲಿತು. ಹದಿಮೂರು ಅಡಿ ಹೆಚ್ಚು ಉದ್ದ ಸಿಗುವಾಗ ಯಾರು ಬಿಟ್ಟಾರು?

ಅಡಿಯ ಲೆಕ್ಕ, ಘನದ ಲೆಕ್ಕ

ಮೊದಲ ಎಡವಟ್ಟು ಇಲ್ಲೇ. ಬೋಟನ್ನು ಅಡಿಯಲ್ಲಿ ಅಳೆಯುತ್ತಾರೆ, ಆದರೆ ಬೋಟು ಬೆಳೆಯುವುದು ಘನದಲ್ಲಿ. ಉದ್ದ, ಅಗಲ, ಆಳ ಮೂರೂ ಒಂದೇ ಪ್ರಮಾಣದಲ್ಲಿ ಎರಡು ಪಟ್ಟಾದರೆ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ, ಘನಫಲ ಎಂಟು ಪಟ್ಟಾಗುತ್ತದೆ. ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾನೆ. ಈ ಎರಡು ಬೋಟುಗಳು ನೀರನ್ನು ಮುಟ್ಟುವ ಗೆರೆಯ ಉದ್ದ ಕ್ರಮವಾಗಿ 49 ಅಡಿ ಮತ್ತು 36 ಅಡಿ. 49ನ್ನು 36ರಿಂದ ಭಾಗಿಸಿ ಘನ ಮಾಡಿದರೆ ಎರಡೂವರೆ ಬರುತ್ತದೆ. ಅಂದರೆ ಆಕಾರ ಒಂದೇ ಬಗೆಯದಾದರೆ ದೊಡ್ಡ ಬೋಟು ಒತ್ತರಿಸುವ ನೀರು ಎರಡೂವರೆ ಪಟ್ಟು, ತೂಕವೂ ಅಷ್ಟೇ. ಅಡಿಭಾಗಕ್ಕೆ ಬಳಿಯುವ ಬಣ್ಣ ಸುಮಾರು ಎರಡು ಪಟ್ಟು. ಹಗ್ಗ, ಲಂಗರು, ಬಲೆ, ಎಂಜಿನ್, ಕಲಾಸಿಗಳ ಸಂಖ್ಯೆ ಯಾವುದೂ ಹದಿಮೂರು ಅಡಿಯ ಲೆಕ್ಕದಲ್ಲಿ ಏರುವುದಿಲ್ಲ. ಮಗಳು ಈ ಲೆಕ್ಕವನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮಾಡಿ ತೋರಿಸಿದಾಗ ತಂದೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

‘ಉದ್ದದ ಬೋಟು ಬೇಗ ಹೋಗುತ್ತದಲ್ಲ’ ಎಂದರು ಆಮೇಲೆ. ಅದು ನಿಜ. ಆದರೆ ಎಷ್ಟು ಬೇಗ? ನೀರನ್ನು ಸೀಳಿಕೊಂಡು ಹೋಗುವ ಬೋಟು ತಾನೇ ಒಂದು ಅಲೆಯನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯೂ ಉದ್ದವಾಗುತ್ತದೆ. ಅಲೆಯ ಉದ್ದ ಬೋಟಿನ ಉದ್ದಕ್ಕೆ ಸಮನಾದಾಗ ಬೋಟು ತಾನೆಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುತ್ತದೆ. ಅಲ್ಲಿಂದ ಮುಂದೆ ಎಷ್ಟು ಡೀಸೆಲ್ ಸುಟ್ಟರೂ ವೇಗ ಏರುವುದು ಕಷ್ಟ. ವಿಲಿಯಂ ಫ್ರೂಡ್ ಎಂಬ ಎಂಜಿನಿಯರ್ 1870ರ ದಶಕದಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಅದರಲ್ಲಿ ಹಡಗಿನ ಮಾದರಿಗಳನ್ನು ಎಳೆದು ಇಂಥ ವಿಷಯಗಳನ್ನು ಅಳೆದ. ಸುಲಭ ಸೂತ್ರ ಹೀಗಿದೆ: ನೀರುಗೆರೆಯ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಬರುವುದು ಆ ಬೋಟಿನ ಹದವಾದ ಗರಿಷ್ಠ ವೇಗ. ಉದ್ದ ಅಡಿಯಲ್ಲಿ, ವೇಗ ನಾಟ್‌ನಲ್ಲಿ. 36ರ ವರ್ಗಮೂಲ 6, ವೇಗ 8 ನಾಟ್. 49ರ ವರ್ಗಮೂಲ 7, ವೇಗ 9.4 ನಾಟ್. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ.

ನಲವತ್ತು ನಾಟಿಕಲ್ ಮೈಲಿ ದೂರ ಹೋಗಲು ಚಿಕ್ಕದಕ್ಕೆ ಐದು ಗಂಟೆ, ದೊಡ್ಡದಕ್ಕೆ ನಾಲ್ಕೂಕಾಲು ಗಂಟೆ. ಉಳಿಯುವುದು ಮುಕ್ಕಾಲು ಗಂಟೆ. ಅದಕ್ಕಾಗಿ ಎರಡೂವರೆ ಪಟ್ಟು ತೂಕವನ್ನು ತಳ್ಳಬೇಕು. ಇನ್ನೊಂದು ಮಾತು: ಬೇಕಾಗುವ ಶಕ್ತಿ ಸರಿಸುಮಾರು ವೇಗದ ಘನದಂತೆ ಏರುತ್ತದೆ. 8 ನಾಟ್ ಹೋಗುವಲ್ಲಿ 7 ನಾಟ್ ಹೋದರೆ ಗಂಟೆಗೆ ಸುಡುವ ಡೀಸೆಲ್ ಮೂರನೆಯ ಒಂದು ಭಾಗದಷ್ಟು ಇಳಿಯುತ್ತದೆ. ಹಳೆಯ ತಾಂಡೇಲರು ಸೂತ್ರ ಗೊತ್ತಿಲ್ಲದೆಯೂ ಎಂಜಿನ್ನನ್ನು ಸ್ವಲ್ಪ ತಗ್ಗಿಸಿ ಓಡಿಸುವುದು ಇದೇ ಕಾರಣಕ್ಕೆ.

ಮೀನಿಗಿಂತ ಮೊದಲು ಮಂಜುಗಡ್ಡೆ

ರಾತ್ರಿ ಕಡಲಲ್ಲಿ ನಿಲ್ಲುವ ಬೋಟಿಗೆ ಮೀನಿಗಿಂತ ಮೊದಲು ಮಂಜುಗಡ್ಡೆ ತುಂಬಬೇಕು. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. ಒಂದು ಕಿಲೋ ಮೀನನ್ನು 30 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಸುಮಾರು 110 ಕಿಲೋಜೂಲ್ ತೆಗೆದರೆ ಸಾಕು. ಅಂದರೆ ಮೂರು ಕಿಲೋ ಮೀನಿಗೆ ಒಂದು ಕಿಲೋ ಮಂಜುಗಡ್ಡೆ! ಆದರೆ ಬಂದರಿನಲ್ಲಿ ಯಾರೂ ಇಷ್ಟು ಕಡಿಮೆ ಹಾಕುವುದಿಲ್ಲ. ಕಾರಣ, ಮೀನಿಡುವ ಕೋಣೆಯ ಗೋಡೆಯ ಮೂಲಕ ಹಗಲಿರುಳು ಶಾಖ ಒಳಗೆ ಬರುತ್ತಲೇ ಇರುತ್ತದೆ. ಕೊಂಡ ಮಂಜುಗಡ್ಡೆಯ ಬಹುಪಾಲು ಹೋಗುವುದು ಮೀನಿಗಲ್ಲ, ಗೋಡೆಗೆ. ಆದ್ದರಿಂದ ಹಳೆಯ ಬೋಟು ನೋಡುವವರು ಆ ಗೋಡೆಯೊಳಗಿನ ನಿರೋಧಕ ಪದರ ಒಣಗಿದೆಯೇ, ನೀರು ಕುಡಿದಿದೆಯೇ ಎಂದು ನೋಡಬೇಕು. ದೊಡ್ಡ ಬೋಟಿನ ಕೋಣೆ ವಿಶಾಲವಾಗಿತ್ತು, ಆದರೆ ಒಂದು ಮೂಲೆಯಲ್ಲಿ ಹಲಗೆ ಒತ್ತಿದರೆ ನೀರು ಜಿನುಗುತ್ತಿತ್ತು.

ಭಾರದ ಲೆಕ್ಕವೂ ಸರಳ. ಕಡಲನೀರಿನ ಒಂದು ಘನ ಮೀಟರಿಗೆ ಸುಮಾರು 1,025 ಕಿಲೋ ತೂಕ. ಚಿಕ್ಕ ಬೋಟು ನೀರಿನ ಮೇಲೆ ಆವರಿಸುವ ಜಾಗ 30 ಚದರ ಮೀಟರ್ ಎಂದುಕೊಂಡರೆ, ಅದು ಒಂದು ಸೆಂಟಿಮೀಟರ್ ಮುಳುಗಲು 300 ಕಿಲೋ ಭಾರ ಬೇಕು. ಮಂಜುಗಡ್ಡೆ, ಡೀಸೆಲ್, ಬಲೆ, ನೀರು ಸೇರಿ ಐದು ಟನ್ ಆದರೆ ಬೋಟು 16 ಸೆಂಟಿಮೀಟರ್ ಇಳಿಯುತ್ತದೆ. ಖಾಲಿ ಬೋಟನ್ನು ನೋಡಿ ಎತ್ತರ ಮೆಚ್ಚಿಕೊಳ್ಳುವವರು ಈ 16 ಸೆಂಟಿಮೀಟರನ್ನು ಕಳೆದು ನೋಡಬೇಕು.

ಓಲಾಡುವ ಬೋಟು ಹೇಳುವ ಮಾತು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದುರಸ್ತಿಗೆಂದು ಮೇಲೇರುವ ಕಾಲ ಅದು, ಹೊಟ್ಟೆ ನೋಡಲು ತಕ್ಕ ಕಾಲ. ನಿವೃತ್ತ ತಾಂಡೇಲರೊಬ್ಬರನ್ನು ಕರೆದುಕೊಂಡು ಇವರು ಹೋದರು. ದೊಡ್ಡ ಬೋಟಿನ ಫೈಬರ್ ಹೊದಿಕೆಯನ್ನು ತಾಂಡೇಲರು ಸಣ್ಣ ಮರದ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಟಕ್ ಟಕ್ ಎನ್ನುತ್ತಿದ್ದ ಸದ್ದು ಕೆಲವು ಕಡೆ ಡಬ್ ಡಬ್ ಆಯಿತು. ತೆಂಗಿನಕಾಯಿ ತಟ್ಟಿ ನೋಡುವವರಿಗೆ ಇದರ ಅರ್ಥ ಹೇಳಬೇಕಿಲ್ಲ. ಹೊದಿಕೆ ಮರದಿಂದ ಬಿಟ್ಟಿತ್ತು, ನಡುವೆ ನೀರು ಸೇರಿ ಮರ ಕೊಳೆಯುತ್ತಿತ್ತು. ಅಡಿಮರದ ಹತ್ತಿರ ದಬ್ಬಳ ಚುಚ್ಚಿದರೆ ಸಲೀಸಾಗಿ ಒಳಗೆ ಹೋಯಿತು. ಬಿರುಕಿನಲ್ಲಿ ನೀರು ತಾಗಿದ ಮರಕ್ಕೆ ಹಡಗುಹುಳುವಿನ ಕಾಟವೂ ಇರುತ್ತದೆ. ಹೆಸರಿಗೆ ಹುಳು, ನಿಜಕ್ಕೆ ಅದು ಮರುವಾಯಿಯ ದೂರದ ನೆಂಟ, ಮರ ಕೊರೆಯುವ ಒಂದು ಚಿಪ್ಪುಜೀವಿ.

‘ಅಣ್ಣ, ಬಣ್ಣ ಹೊಸದಲ್ಲವಾ?’ ಎಂದು ಇವರು ಕೇಳಿದರು.

‘ಹೊಸ ಬಣ್ಣ ಕಂಡಲ್ಲಿ ಎರಡು ಸಲ ತಟ್ಟಬೇಕು, ತಮ್ಮಾ’ ಎಂದರು ತಾಂಡೇಲರು.

ಆಗಸ್ಟಿನಲ್ಲಿ ಎರಡೂ ಬೋಟುಗಳು ನೀರಿಗಿಳಿದ ಮೇಲೆ ಇನ್ನೊಂದು ಪರೀಕ್ಷೆ. ಕಲಾಸಿಗಳು ಅಂಚಿನಲ್ಲಿ ನಿಂತು ಬೋಟನ್ನು ಓಲಾಡಿಸಿದರು. ಚಿಕ್ಕದು ಚಟಚಟನೆ ಓಲಾಡಿ ನೆಟ್ಟಗಾಯಿತು. ದೊಡ್ಡದು ನಿಧಾನವಾಗಿ ವಾಲಿ, ತುದಿಯಲ್ಲಿ ಕ್ಷಣ ಹೊತ್ತು ನಿಂತು, ಆಮೇಲೆ ಮರಳಿತು. ನೋಡುವವರಿಗೆ ಅದು ತೊಟ್ಟಿಲಿನಂತೆ ಹಿತ. ಆದರೆ ಹಾಗೆ ತಡೆದು ಮರಳುವ ಬೋಟಿನ ಗುರುತ್ವ ಕೇಂದ್ರ ತೀರ ಮೇಲಿರುತ್ತದೆ. ಹಿಂದಿನ ಮಾಲೀಕರು ಮೇಲೆ ಕ್ಯಾಬಿನ್ ಏರಿಸಿದ್ದರು, ಕೆಳಗೆ ಅದಕ್ಕೆ ತಕ್ಕ ಭಾರ ಸೇರಿಸಿರಲಿಲ್ಲ. ಸ್ವೀಡನ್ನಿನ ‘ವಾಸಾ’ ಹಡಗಿನ ಕತೆ ಇದೇ. 1628ರಲ್ಲಿ ಹೊರಡುವ ಮೊದಲು ಅದರ ಮೇಲೆ ಮೂವತ್ತು ಮಂದಿಯನ್ನು ಅತ್ತಿತ್ತ ಓಡಿಸಿ ನೋಡಿದ್ದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಉರುಳುವಂತೆ ಕಂಡು ಪರೀಕ್ಷೆಯನ್ನೇ ನಿಲ್ಲಿಸಿದರು. ಹಡಗನ್ನು ಮಾತ್ರ ನಿಲ್ಲಿಸಲಿಲ್ಲ! ಮೊದಲ ಯಾನದಲ್ಲೇ, ಒಂದೂವರೆ ಕಿಲೋಮೀಟರ್ ಕೂಡ ಸಾಗದೆ, ಅದು ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿತು.

ಇದೇ ಕಾರಣಕ್ಕೆ, ರಜಾದಿನಗಳಲ್ಲಿ ಪ್ರವಾಸಿಗರನ್ನು ಸೇಂಟ್ ಮೇರೀಸ್ ದ್ವೀಪದ ಕಡೆ ಸುತ್ತಿಸಿ ನಾಲ್ಕು ಕಾಸು ಮಾಡಬಹುದೆಂಬ ಆಸೆಯನ್ನೂ ಅವರು ಬಿಟ್ಟರು. ಮೀನುಗಾರಿಕೆಗೆಂದು ನೋಂದಣಿಯಾದ ಬೋಟಿನಲ್ಲಿ ಹಣ ಪಡೆದು ಜನರನ್ನು ಒಯ್ಯುವಂತಿಲ್ಲ, ಅದಕ್ಕೆ ಬೇರೆಯೇ ಪರವಾನಗಿ ಬೇಕು. ಮೀನು ಕೆಳಗಿನ ಕೋಣೆಯಲ್ಲಿ ಸುಮ್ಮನಿರುತ್ತದೆ. ಜನರು ಮೇಲೆ ನಿಲ್ಲುತ್ತಾರೆ, ಡಾಲ್ಫಿನ್ ಕಂಡರೆ ಎಲ್ಲರೂ ಒಂದೇ ಕಡೆಗೆ ಓಡುತ್ತಾರೆ.

ಸತುವಿನ ತುಂಡು, ಬಿಸಿ ಎಂಜಿನ್

ಕಡಲನೀರು ಉಪ್ಪುನೀರು. ಅದರಲ್ಲಿ ಕಂಚಿನ ಪ್ರೊಪೆಲ್ಲರೂ ಉಕ್ಕಿನ ಭಾಗಗಳೂ ಒಂದಕ್ಕೊಂದು ತಾಗಿ ನಿಂತರೆ ಪ್ರಯೋಗಶಾಲೆಯ ವಿದ್ಯುತ್ಕೋಶವೇ ಸಿದ್ಧವಾಯಿತು. ಉಕ್ಕು ಸವೆಯತೊಡಗುತ್ತದೆ. ಅದಕ್ಕೇ ಪಕ್ಕದಲ್ಲಿ ಸತುವಿನ ತುಂಡು ಕಟ್ಟುತ್ತಾರೆ. ಸತು ತಾನು ಸವೆದು ಉಳಿದದ್ದನ್ನು ಕಾಯುತ್ತದೆ. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ತಾಮ್ರ ಹೊದಿಸಿದ ಹಡಗುಗಳಿಗೆ ಸೂಚಿಸಿದ ಉಪಾಯ ಇದು. ಹಳೆಯ ಬೋಟಿನಲ್ಲಿ ಸತು ಅರ್ಧ ಸವೆದಿದ್ದರೆ ಸಂತೋಷ, ಅದು ಕೆಲಸ ಮಾಡಿದೆ. ವರ್ಷ ಕಳೆದರೂ ಹೊಸದರಂತೆ ಹೊಳೆಯುತ್ತಿದ್ದರೆ ಸಂಶಯಪಡಬೇಕು. ಚಿಕ್ಕ ಬೋಟಿನಲ್ಲಿ ಸತು ಅರ್ಧದಷ್ಟು ಉಳಿದಿತ್ತು.

ಎಂಜಿನ್ ನೋಡಲು ಹೋದಾಗ ಚಿಕ್ಕ ಬೋಟಿನ ಎಂಜಿನ್ ಆಗಲೇ ಬಿಸಿಯಾಗಿತ್ತು. ತಾಂಡೇಲರು ಅದರ ಮೇಲೆ ಕೈಯಿಟ್ಟು ನಕ್ಕು, ‘ನಾಳೆ ಬೆಳಿಗ್ಗೆ ಬರುತ್ತೇವೆ, ಅಲ್ಲಿವರೆಗೆ ಮುಟ್ಟಬೇಡಿ’ ಎಂದರು. ಬಿಸಿಯಾದ ಡೀಸೆಲ್ ಎಂಜಿನ್ ಸುಲಭವಾಗಿ ಶುರುವಾಗುತ್ತದೆ, ತಣ್ಣಗಿರುವುದು ನಿಜ ಹೇಳುತ್ತದೆ. ಮರುದಿನ ಅದು ಮೂರನೆಯ ಸಲಕ್ಕೆ ಶುರುವಾಗಿ ಸ್ವಲ್ಪ ನೀಲಿ ಹೊಗೆ ಬಿಟ್ಟಿತು. ನೀಲಿ ಹೊಗೆ ಎಂದರೆ ಎಣ್ಣೆ ಸುಡುತ್ತಿದೆ ಎಂದರ್ಥ. ಕಪ್ಪಾದರೆ ಗಾಳಿ ಸಾಲದು ಅಥವಾ ಭಾರ ಹೆಚ್ಚು. ಅಳತೆಕಡ್ಡಿಗೆ ಅಂಟಿದ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಇಲ್ಲಿ ಎಣ್ಣೆ ಶುದ್ಧವಾಗಿತ್ತು. ಎಂಜಿನ್ ಬಿಚ್ಚಿ ಕೆಲಸ ಮಾಡಿಸಬೇಕೆಂದು ಗೊತ್ತಾಯಿತು, ಆ ಖರ್ಚಿನಷ್ಟು ಬೆಲೆಯೂ ಇಳಿಯಿತು. ನೋಂದಣಿ ಪತ್ರ, ಎಂಜಿನ್ ಸಂಖ್ಯೆ, ವಿಮೆ, ಹಳೆಯ ಸಾಲ ತೀರಿದ ಪತ್ರ ಎಲ್ಲವನ್ನೂ ಮಗಳು ಒಂದೊಂದಾಗಿ ತಾಳೆ ನೋಡಿದಳು.

ಇಷ್ಟಾದರೂ ತಂದೆಯ ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ಜೊತೆಯವರ ಬೋಟುಗಳೆಲ್ಲ ದೊಡ್ಡವು. ಕೊನೆಗೆ ಮಾತಾಡಿದವರು ಹೆಂಡತಿ. ‘ಮಳೆಗಾಲದ ಎರಡು ತಿಂಗಳು ಬೋಟು ನಿಲ್ಲುತ್ತದೆ. ಸಾಲದ ಕಂತೂ ನಿಲ್ಲುತ್ತದಾ?’

ಆ ಮಾತಿಗೆ ಎದುರು ಮಾತಿರಲಿಲ್ಲ. ಚಿಕ್ಕ ಎಂಜಿನ್ನಿನ ನಾಡದೋಣಿಗಳು ನಿಷೇಧದ ದಿನಗಳಲ್ಲೂ, ಕಡಲು ಬಿಟ್ಟುಕೊಟ್ಟಾಗ, ದಡದ ಹತ್ತಿರ ಮೀನು ಹಿಡಿಯಬಹುದು. ಹದಿನೆಂಟು ವರ್ಷ ಮಳೆಗಾಲದ ಗಂಜಿ ಬಂದದ್ದು ಅದರಿಂದಲೇ. ದೊಡ್ಡ ಬೋಟು ಕೊಂಡರೆ ಆ ದೋಣಿ ಹೋಗುತ್ತಿತ್ತು. ನಲವತ್ತು ಅಡಿಯ ಬೋಟು ಬಂತು, ದೋಣಿಯೂ ಉಳಿಯಿತು. ಎಂಜಿನ್ ದುರಸ್ತಿಯ ಬಳಿಕ ಮಿಕ್ಕ ಹಣ ಮಗಳ ಹೆಸರಿನ ಖಾತೆಯಲ್ಲಿ ಹಾಗೆಯೇ ಇತ್ತು.

ಮಕ್ಕಳು ‘ಈ ಸೂತ್ರ ಕಲಿತು ಏನು ಪ್ರಯೋಜನ?’ ಎಂದು ಕೇಳುವುದುಂಟು. ವರ್ಗಮೂಲ, ಗುಪ್ತೋಷ್ಣ, ಗುರುತ್ವ ಕೇಂದ್ರ ಇವೆಲ್ಲ ಪರೀಕ್ಷೆಯ ಪ್ರಶ್ನೆಗಳು ಮಾತ್ರ ಎಂದು ತಂದೆ ತಾಯಿಗಳೂ ಭಾವಿಸುವುದುಂಟು. ಆ ಬೋಟಿನಲ್ಲಿ ಐದಾರು ಕಲಾಸಿಗಳು ರಾತ್ರಿ ಮಲಗುತ್ತಾರೆ. ಅವರ ಕೆಳಗೆ ಒಂದಿಷ್ಟು ಫೈಬರ್, ಅದರ ಕೆಳಗೆ ಕಡಲು. ಬೋಟು ಮತ್ತೆ ನೆಟ್ಟಗಾಗುತ್ತದೆ ಎಂದು ಗೊತ್ತಿದ್ದರೆ ನಿದ್ದೆ ಬರುತ್ತದೆ.