ಸೊನ್ನೆಯಿಂದ ಶುರುವಾಗದ ಸ್ತಂಭ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಸಕ್ರೆಬೈಲಿನ ಸಮೀಪದ ಒಂದು ಶಾಲೆ. ಎಂಟನೇ ತರಗತಿಗೆ ದತ್ತಾಂಶಗಳ ನಿರ್ವಹಣೆ ಕಲಿಸಬೇಕಿತ್ತು. ಮಕ್ಕಳು ಕಣ್ಣಾರೆ ಕಂಡದ್ದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ ಎಂದು ಮಾರ್ಗದರ್ಶಕರು ಹೇಳಿದ್ದರು. ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಬಿಡಾರದ ಆನೆಗಳಿಗೆ ಸ್ನಾನ ಮಾಡಿಸುವುದನ್ನು ನೋಡುತ್ತಲೇ ಬೆಳೆದ ಮಕ್ಕಳು ಅವರು. ಆನೆಗಿಂತ ಒಳ್ಳೆಯ ಉದಾಹರಣೆ ಬೇರೆ ಬೇಕೆ ಅನ್ನಿಸಿತು.

ಅಂಕಿ-ಅಂಶ ಹುಡುಕಿಕೊಂಡು ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಹೋದೆ. 2025ರ ಆಗಸ್ಟ್ ಮೊದಲ ವಾರ. ಆಗಸ್ಟ್ 12 ಎಸ್. ಆರ್. ರಂಗನಾಥನ್ ಅವರ ನೆನಪಿನ ಗ್ರಂಥಪಾಲಕರ ದಿನ. ವಿಶ್ವ ಆನೆ ದಿನವೂ ಅಂದೇ. ಎರಡನ್ನೂ ಸೇರಿಸಿ ಪ್ರದರ್ಶನ ಫಲಕವೊಂದನ್ನು ಸಿದ್ಧಪಡಿಸುತ್ತಿದ್ದ ಗ್ರಂಥಪಾಲಕಿ ಮೇಡಂ ಆನೆ ಗಣತಿಯ ಕಡತ ಕೊಟ್ಟು, “ಸಂಖ್ಯೆಯ ಪಕ್ಕದಲ್ಲಿ ಬರೆದಿರುವುದನ್ನೂ ಓದಮ್ಮ” ಎಂದರು. ಮರುದಿನವೇ ನನ್ನ ಪಾಠ. ಎರಡು ಸಂಖ್ಯೆ ಬರೆದುಕೊಂಡು ಓಡಿದೆ: ಕರ್ನಾಟಕದಲ್ಲಿ 2017ರಲ್ಲಿ 6,049 ಆನೆಗಳು, 2023ರಲ್ಲಿ 6,395.

ರಾತ್ರಿ ಚಾರ್ಟ್ ಬರೆಯಲು ಕುಳಿತಾಗ ಒಂದು ತೊಡಕು ಕಾಣಿಸಿತು. ಸೊನ್ನೆಯಿಂದ ಶುರು ಮಾಡಿದರೆ ಎರಡೂ ಸ್ತಂಭಗಳು ಹೆಚ್ಚುಕಡಿಮೆ ಒಂದೇ ಎತ್ತರ. ಹಿಂದಿನ ಬೆಂಚಿನವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹಾಗಾಗಿ ಲಂಬ ಅಕ್ಷವನ್ನು 6,000ದಿಂದ ಶುರು ಮಾಡಿ, 1 ಸೆಂ.ಮೀ.ಗೆ 50 ಆನೆ ಎಂಬ ಪ್ರಮಾಣ ಇಟ್ಟೆ. 2017ರ ಸ್ತಂಭ 1 ಸೆಂ.ಮೀ. ಬಂತು, 2023ರದ್ದು 8 ಸೆಂ.ಮೀ. ಚಾರ್ಟ್ ಈಗ ಎದ್ದು ಕಾಣುತ್ತಿತ್ತು. ಪಾಠ ನೋಡಿದ ಸಹಪಾಠಿಗಳೂ ಅವಲೋಕನ ಹಾಳೆಯಲ್ಲಿ “ಬೋಧನೋಪಕರಣ ಆಕರ್ಷಕ” ಎಂದು ಬರೆದರು.

“ಈ ಸ್ತಂಭಾಲೇಖದಿಂದ ಏನು ತಿಳಿಯಿತು?” ಎಂದು ಕೊನೆಯಲ್ಲಿ ಕೇಳಿದೆ. ಒಬ್ಬ ಹುಡುಗ ತಟ್ಟನೆ ಎದ್ದ. “ಮಿಸ್, ಆನೆ ಎಂಟು ಪಟ್ಟು ಜಾಸ್ತಿ ಆಗಿದೆ. ಅದಕ್ಕೇ ನಮ್ಮ ಬಾಳೆ ತೋಟಕ್ಕೆ ಬಂದಿದ್ದು. ಎಲ್ಲಾ ಹಿಡಿದು ಬಿಡಾರಕ್ಕೆ ತರಬೇಕು.” ಮೂರನೇ ಬೆಂಚಿನಲ್ಲಿ ಕಾವಾಡಿಯೊಬ್ಬರ ಮಗಳು ಕುಳಿತಿದ್ದಳು. ಎದ್ದು ನಿಲ್ಲದೆ ಮೆಲ್ಲಗೆ ಹೇಳಿದಳು: “ಹಿಡಿದು ತಂದು ಕ್ರಾಲ್‌ನಲ್ಲಿ ಹಾಕಿದ್ರೆ ರಾತ್ರಿಯೆಲ್ಲಾ ಕೂಗ್ತವೆ ಮಿಸ್.” ಇಬ್ಬರಿಗೂ ನಾನು ಉತ್ತರ ಕೊಡಲಿಲ್ಲ. ಗಂಟೆ ಹೊಡೆಯಿತು.

ಆ ಹುಡುಗ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ತೋರಿಸಿದ್ದನ್ನೇ ಓದಿದ್ದ. 346 ಆನೆಗಳ ಹೆಚ್ಚಳ ಎಂದರೆ ನೂರಕ್ಕೆ ಸುಮಾರು ಆರು. ಅದನ್ನು ಎಂಟು ಪಟ್ಟು ಮಾಡಿದ್ದು ನನ್ನ ಸ್ಕೇಲು. ಅವನ ಮನೆಯವರು ಕಳೆದುಕೊಂಡ ಬಾಳೆ ನಿಜ, ಆ ಸಿಟ್ಟೂ ನಿಜ. ಅದಕ್ಕೆ ನಾನು ಸುಳ್ಳು ಪುರಾವೆ ಒದಗಿಸಿದ್ದೆ.

ಚಾರ್ಟ್ ಸುತ್ತಿಕೊಂಡು ಮತ್ತೆ ಗ್ರಂಥಾಲಯಕ್ಕೆ ಹೋದೆ. ಮೇಡಂ ಬೈಯಲಿಲ್ಲ. ತಮ್ಮ ಫಲಕದ ಮುಂದೆ ನಿಲ್ಲಿಸಿದರು. ಅಲ್ಲಿಯೂ ಅವೇ ಎರಡು ಸಂಖ್ಯೆಗಳು. ಅಕ್ಷ ಸೊನ್ನೆಯಿಂದ ಶುರುವಾಗಿತ್ತು. 1 ಸೆಂ.ಮೀ.ಗೆ 500 ಆನೆ, ಸ್ತಂಭಗಳು 12.1 ಮತ್ತು 12.8 ಸೆಂ.ಮೀ. ಎರಡನೆಯದರ ತುದಿಯಲ್ಲಿ ಕೆಂಪು ಉಣ್ಣೆ ದಾರವೊಂದನ್ನು ನೆಟ್ಟಗೆ ಅಂಟಿಸಿದ್ದರು. ನಾನು ಓದದೆ ಬಿಟ್ಟದ್ದು ಅದನ್ನೇ. ಕಾಡಿನ ಆನೆಗಳನ್ನು ತಲೆ ಎಣಿಸಿದಂತೆ ಎಣಿಸಲಾಗದು. ಆಯ್ದ ಪ್ರದೇಶಗಳಲ್ಲಿ ಕಂಡ ಆನೆಗಳನ್ನು, ನಡೆದ ದಾರಿಯಲ್ಲಿ ಸಿಕ್ಕ ಲದ್ದಿಯನ್ನು, ನೀರಿಗೆ ಬಂದ ಹಿಂಡುಗಳನ್ನು ದಾಖಲಿಸಿ ಅಂದಾಜು ಕಟ್ಟುತ್ತಾರೆ. 2023ರ ಅಂದಾಜಿನ ವ್ಯಾಪ್ತಿ 5,914ರಿಂದ 6,877. ದಾರದ ಕೆಳತುದಿ 2017ರ ಸ್ತಂಭದ ನೆತ್ತಿಗಿಂತಲೂ ಕೆಳಗಿತ್ತು. 2017ರದ್ದೂ ಅಂದಾಜೇ. ಹೆಚ್ಚಾಗಿರಬಹುದು, ಆದರೆ ಈ ಎರಡು ಸಂಖ್ಯೆಗಳಿಂದ ಖಚಿತವಾಗಿ ಹೇಳಲಾಗದು ಎಂಬುದು ಒಂದು ತುಂಡು ದಾರದಿಂದ ತಿಳಿಯಿತು.

ಫಲಕದ ಕೆಳಗೆ ವರದಿಯ ಹೆಸರು, ವರ್ಷ, ಎಣಿಸಿದ ವಿಧಾನ, ಕಡತ ಇರುವ ಕಪಾಟಿನ ಸಂಖ್ಯೆ ಇದ್ದವು. ಚಿತ್ರವನ್ನು ಅನುಮಾನಿಸುವವರು ನೇರವಾಗಿ ಮೂಲಕ್ಕೆ ಹೋಗಬಹುದು. ರಂಗನಾಥನ್ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದದ್ದು 1924ರಲ್ಲಿ. ಅದಕ್ಕೂ ಮೊದಲು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಕಲಿಸಿದ್ದರು. ಓದುಗರ ಸಮಯ ಉಳಿಸಬೇಕೆಂಬುದು ಅವರ ಐದು ಸೂತ್ರಗಳಲ್ಲಿ ಒಂದು. ನೂರು ಪುಟದ ವರದಿಯನ್ನು ಒಂದು ಚಿತ್ರಕ್ಕೆ ಇಳಿಸುವುದೂ ಅದೇ ಕೆಲಸ. ಇಳಿಸುವಾಗ ಏನನ್ನು ಬಿಡಬಾರದು ಎಂಬುದನ್ನು ನಾನು ಆ ಫಲಕದ ಮುಂದೆ ಕಲಿತೆ.

ಮುಂದಿನ ವಾರ ಅದೇ ತರಗತಿಗೆ ಎರಡೂ ಚಾರ್ಟ್ ಒಯ್ದೆ. “ಹೋದ ಸಲ ನಾನು ತಪ್ಪು ಚಿತ್ರ ತೋರಿಸಿದೆ. ತಪ್ಪು ಎಲ್ಲಿದೆ, ಹುಡುಕಿ” ಎಂದೆ. ಹುಡುಕಿದ್ದು ಬಾಳೆ ತೋಟದ ಹುಡುಗನೇ. “ಮಿಸ್, ಕೆಳಗಿನ ಆರು ಸಾವಿರ ಆನೆ ಎಲ್ಲಿ ಹೋದ್ವು?” ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಆನೆ ತೋಟಕ್ಕೆ ಯಾಕೆ ಬಂತು ಎಂಬ ಅವನ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಈ ಎರಡು ಸ್ತಂಭಗಳಲ್ಲಿ ಅದಕ್ಕೆ ಉತ್ತರವಿಲ್ಲ ಎಂದು ಅವನಿಗೇ ಹೇಳಿದೆ.

ಅಕ್ಟೋಬರ್‌ನಲ್ಲಿ ಲದ್ದಿಯ ಡಿಎನ್‌ಎ ಆಧರಿಸಿದ ಹೊಸ ರಾಷ್ಟ್ರೀಯ ಅಂದಾಜು ಪ್ರಕಟವಾಯಿತು. ಕರ್ನಾಟಕಕ್ಕೆ 6,013. ಹಳೆಯ ಸ್ತಂಭಗಳ ಸಾಲಿಗೆ ಸೇರಿಸಿದ್ದರೆ ಎರಡೇ ವರ್ಷದಲ್ಲಿ 382 ಆನೆಗಳು ಕಾಣೆಯಾದಂತೆ ತೋರುತ್ತಿತ್ತು. ವಿಧಾನವೇ ಬೇರೆಯಾದ್ದರಿಂದ ಹಿಂದಿನ ಅಂಕಿಗಳೊಂದಿಗೆ ಹೋಲಿಸುವಂತಿಲ್ಲ. ಮಕ್ಕಳಿಗೆ ಇದನ್ನು ವಿವರಿಸಿ, ಎಲ್ಲಿ ಬರೆಯೋಣ ಎಂದು ಕೇಳಿದೆ. ಕಾವಾಡಿಯ ಮಗಳು ಈ ಸಲ ಎದ್ದು ನಿಂತಳು. “ಬೇರೆ ಹಾಳೆಯಲ್ಲಿ ಮಿಸ್, ಅದಕ್ಕೂ ದಾರ ಹಚ್ಚಿ.”