ಸೊಂಟಮಟ್ಟದ ನೀರಿನ ಪಾಠ

ಕಮತಗಿಯಲ್ಲಿ ಹುಟ್ಟಿ ಬೆಳೆದ ನನಗೆ ನೀರೆಂದರೆ ಮಲಪ್ರಭೆ. ಪಶ್ಚಿಮ ಘಟ್ಟದ ಕಣಕುಂಬಿಯಲ್ಲಿ ಹುಟ್ಟುವ ಈ ತಾಯಿಯು ಸಮೀಪದ ಪಶ್ಚಿಮ ಸಮುದ್ರಕ್ಕೆ ಬೆನ್ನು ಮಾಡಿ, ಪೂರ್ವಾಭಿಮುಖಳಾಗಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅವಳಂತೆಯೇ ನಾನೂ ಅರುವತ್ತು ದಾಟುವವರೆಗೆ ಆ ಕಡಲಿನತ್ತ ಮುಖ ಮಾಡಿದವನಲ್ಲ. ಕಳೆದ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಹೋದಾಗ, ಹನ್ನೊಂದು ವರ್ಷದ ಮೊಮ್ಮಗನು, "ಅಜ್ಜಾ, ನಾಳೆ ನಾ ತೆರಿ ಮ್ಯಾಲೆ ನಿಂದರೂದು ಕಲೀತೀನಿ. ನೀನೂ ಬಾ" ಎಂದು ಕೈ ಹಿಡಿದನು.

ನಾವು ಹೋದದ್ದು ಮೂಲ್ಕಿಗೆ. ಮಂಗಳೂರಿನಿಂದ ಉಡುಪಿಯ ಹಾದಿಯಲ್ಲಿ ಸುಮಾರು 30 ಕಿಲೋಮೀಟರು ದೂರ, ಶಾಂಭವಿ ನದಿಯು ಕಡಲನ್ನು ಸೇರುವ ಎಡೆ. ಹವಾಯಿ ಮೊದಲಾದ ದ್ವೀಪಗಳ ಜನರು ಶತಮಾನಗಳಿಂದ ಆಡುತ್ತ ಬಂದ ಅಲೆಸವಾರಿ, ಅಂದರೆ ಸರ್ಫಿಂಗ್, ಈ ಸಣ್ಣ ಊರಿಗೆ ಬಂದ ಬಗೆಯು ವಿಸ್ಮಯಕರವಾದುದು. ಯೌವನದಲ್ಲಿಯೇ ಈ ವಿದ್ಯೆಯನ್ನು ಕಲಿತಿದ್ದ ಅಮೆರಿಕದ ಜಾಕ್ ಹೆಬ್ನರ್ ಎಂಬವರು ಮುಂದೆ ವೈಷ್ಣವ ಸಂನ್ಯಾಸ ಸ್ವೀಕರಿಸಿ ಭಾರತಕ್ಕೆ ಬಂದರು. 2004ರಲ್ಲಿ ಮೂಲ್ಕಿಯಲ್ಲಿ ಆಶ್ರಮದೊಡನೆ ಸರ್ಫಿಂಗ್ ಕೂಟವನ್ನೂ ಕಟ್ಟಿದರು. ಬೆಳಗಿನ ಜಪ, ಸಸ್ಯಾಹಾರ, ಆಮೇಲೆ ಅಲೆ: ಇದು ಅಲ್ಲಿಯ ಕ್ರಮವಾಯಿತು. ಅವರು 2020ರಲ್ಲಿ ದೇಹ ಬಿಟ್ಟರು. ಆದರೆ ಬಿತ್ತಿದ ಬೀಜ ಮೊಳೆಯಿತು. ಕರಾವಳಿಯ ಹುಡುಗರೇ ಕಲಿತು ಗುರುಗಳಾದರು. 2016ರಲ್ಲಿ ನೆರೆಯ ಸಸಿಹಿತ್ಲು ತೀರದಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆಯಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಈ ಕ್ರೀಡೆಗೆ ಮೊದಲ ಬಾರಿ ಸ್ಥಾನ ದೊರೆಯಿತು.

ತೀರವು ನಿರ್ಜನವಾಗಿತ್ತು. ತೆಂಗಿನ ಸಾಲು, ದಡಕ್ಕೆಳೆದ ಎರಡು ದೋಣಿ, ಸಣ್ಣ ಅಲೆಗಳ ಮೆಲುದನಿ. ಮಳೆಗಾಲದಲ್ಲಿ ರೌದ್ರವಾಗುವ ಈ ಕಡಲು ಅಕ್ಟೋಬರಿನ ನಂತರ ಸೌಮ್ಯವಾಗಿ, ಹೊಸಬರಿಗೆ ಅನುಕೂಲವಾಗುವುದಂತೆ. ಕಲಿಸಲು ಬಂದ ತರುಣನು ಹುಡುಗನನ್ನು ಕೂಡಲೇ ನೀರಿಗಿಳಿಸಲಿಲ್ಲ. ಮೊದಲು ಮರಳಿನ ಮೇಲೆ ಹಲಗೆಯನ್ನಿಟ್ಟು, ಬೋರಲು ಮಲಗಿ ಕೈಗಳಿಂದ ನೀರೆಳೆಯುವುದನ್ನೂ, ಅಂಗೈಯೂರಿ ಒಮ್ಮೆಲೆ ಎದ್ದು ಮಂಡಿ ಬಾಗಿಸಿ ನಿಲ್ಲುವುದನ್ನೂ ಹತ್ತಾರು ಸಲ ಮಾಡಿಸಿದನು. ಹೇಗೆ ಬೀಳಬೇಕೆಂಬುದನ್ನೂ ಕಲಿಸಿದನು: ತಲೆ ಮುಂದಾಗಿ ಧುಮುಕಬಾರದು, ಮೈ ಚಪ್ಪಟೆಯಾಗಿ ಬೀಳಬೇಕು, ಮೇಲೇಳುವಾಗ ತೋಳುಗಳಿಂದ ತಲೆಯನ್ನು ಕಾಯಬೇಕು. ಹೊಸಬರ ಹಲಗೆಯು ಉದ್ದವೂ ಅಗಲವೂ ಮೆತ್ತಗೂ ಇರುತ್ತದೆ. ಅದರ ಹುರಿಯೊಂದನ್ನು ಕಾಲಿಗೆ ಕಟ್ಟುತ್ತಾರೆ. ಆಮೇಲೆಯೇ ಸೊಂಟಮಟ್ಟದ ನೀರು.

ಹುಡುಗ ಬಿದ್ದನು, ಮತ್ತೆ ಬಿದ್ದನು. ತರುಣನು ಪ್ರತಿ ಸಲವೂ ಹಲಗೆಯನ್ನು ತಿರುಗಿಸಿ ಹಿಡಿದು, ಬರುವ ಅಲೆಗಳಲ್ಲಿ ಕೆಲವನ್ನು ಹೋಗಗೊಟ್ಟು, ತಕ್ಕುದೊಂದು ಬಂದಾಗ ಮಾತ್ರ ಮೆಲ್ಲನೆ ದೂಡುತ್ತಿದ್ದನು. "ಹೆದರ್ಬೇಡ ಮಾರಾಯ, ಬೀಳ್ಲಿಕ್ಕೇ ಬಂದದ್ದಲ್ವಾ ನಾವು" ಎಂಬ ಅವನ ಮಾತು ದಡದವರೆಗೂ ಕೇಳಿಸುತ್ತಿತ್ತು.

ನನ್ನ ಬಳಿ ನಿಂತಿದ್ದ ಮಗನು ಮೆಲ್ಲಗೆ ಅಂದನು: "ಅಪ್ಪಾ, ಇವ ಏಳು ಸಲ ಬಿದ್ದಾನ. ಆ ಹುಡುಗ ಒಮ್ಮಿನೂ ಸಿಟ್ಟಿಗೇಳಲಿಲ್ಲ ನೋಡ್ರಿ."

ಅವನು ನನ್ನನ್ನು ಚುಚ್ಚಲು ಆಡಿದ ಮಾತಲ್ಲ. ಆದರೂ ಅದು ನೆಟ್ಟಿತು. ಬಾಲ್ಯದಲ್ಲಿ ನನ್ನ ಸೋದರಮಾವನು ನಡುವಿಗೆ ಒಣಗಿದ ಸೋರೆಬುರುಡೆ ಕಟ್ಟಿ ನನಗೆ ಮಲಪ್ರಭೆಯಲ್ಲಿ ಈಜು ಕಲಿಸಿದ್ದನು. ಮುಳುಗುವೆನೆಂಬ ಭಯ ಹೋದ ದಿನ ತಾನೇ ಬುರುಡೆಯನ್ನು ಬಿಚ್ಚಿದನು. ಮುಂದೆ ಮಠದಲ್ಲಿ ಅಕ್ಷರವಿದ್ಯೆ ದೊರೆಯಿತು. ಅದರೊಡನೆ ಬೆತ್ತದ ಏಟೂ ದೊರೆಯಿತು. ವಿದ್ಯೆಗೂ ಬೆತ್ತಕ್ಕೂ ಬಿಡಿಸಲಾಗದ ನಂಟೆಂದು ನಂಬಿದೆ. ನನ್ನ ಮಗನಿಗೆ ಏಳನೆಯ ವಯಸ್ಸಿನಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿಸಲು ಕುಳಿತವನು, ಒಂದು ಪದ ತಪ್ಪಿದರೆ ಗದರಿದೆ, ಎರಡು ತಪ್ಪಿದರೆ ಹೊಡೆದೆ. ಅವನಿಗೆ ನಾನು ಬುರುಡೆ ಕಟ್ಟಲಿಲ್ಲ. ನೇರವಾಗಿ ಮಡುವಿಗೆ ತಳ್ಳಿದೆ. ಹತ್ತನೆಯ ವಯಸ್ಸಿಗೆ ಅವನು ಆ ಪುಸ್ತಕವನ್ನು ಮುಚ್ಚಿದನು, ಮತ್ತೆ ತೆರೆಯಲಿಲ್ಲ. ಅವನಿಗೆ ಆಸಕ್ತಿಯಿಲ್ಲವೆಂದು ಮೂವತ್ತು ವರ್ಷ ಹೇಳಿಕೊಂಡು ಬಂದೆನು.

ಅಷ್ಟರಲ್ಲಿ ಮೊಮ್ಮಗನು ನೊರೆಯ ಮೇಲೆ ಎದ್ದು ನಿಂತನು. ಮೂರು ಕ್ಷಣವಿರಬಹುದು. ಬಿದ್ದು, ನೀರು ಉಗುಳುತ್ತ, ನಗುತ್ತ, "ಅಜ್ಜಾ, ನೋಡಿದಿ?" ಎಂದು ಕೂಗಿದನು. ನೋಡಿದ್ದೆ, ಆದರೆ ಕಣ್ಣು ಮಂಜಾಗಿದ್ದವು.

ಆ ರಾತ್ರಿ ಊಟಕ್ಕೆ ಕುಳಿತಾಗ ಮಗನಿಗೆ ಹೇಳಿದೆ: "ನಿನಗ ಕಲಿಸುವಾಗ ನಾ ಭಾಳ ಅವಸರ ಮಾಡಿದೆಪಾ. ತಪ್ಪಾತು." ಅವನು ತುಸು ಹೊತ್ತು ಸುಮ್ಮನಿದ್ದು, "ಇರಲಿ ಬಿಡ್ರಿ ಅಪ್ಪಾ" ಎಂದು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದನು. ಅದಕ್ಕಿಂತ ಹೆಚ್ಚಿನ ಮಾತು ನಮ್ಮಲ್ಲಿ ನಡೆಯಲಿಲ್ಲ.

ಬೇಸಿಗೆ ರಜೆಗೆ ಮೊಮ್ಮಗನು ಕಮತಗಿಗೆ ಬರುತ್ತಾನೆ. ಅಮರಕೋಶವೆಂದರೆ ಏನೆಂದು ತಾನಾಗಿಯೇ ಕೇಳಿದ್ದಾನೆ. ದಿನಕ್ಕೆ ಎರಡೇ ಸಾಲೆಂದು ನಿಶ್ಚಯಿಸಿದ್ದೇನೆ. ಮಕ್ಕಳಿಗೆ ಪಾಠ ಹೇಳುವ ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ: ಮೊದಲು ಸೊಂಟಮಟ್ಟದ ನೀರನ್ನು ಹುಡುಕಿರಿ; ತಕ್ಕ ಅಲೆ ಬರುವವರೆಗೆ ಹಲಗೆಯನ್ನು ಹಿಡಿದು ನಿಲ್ಲಿರಿ.