ಒಂದು ಸಲಕ್ಕೆ ಒಂದೇ

ಮೊನ್ನೆ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ತೆರೆದಾಗ ಬೆಂಕಿಪೊಟ್ಟಣದ ಗಾತ್ರದ ಒಂದು ಬಿಳಿಯ ಡಬ್ಬಿ ಕೈಗೆ ಸಿಕ್ಕಿತು. ಒಂದು ಬದಿಗೆ ಒಂದು ತೂತು, ಇನ್ನೊಂದು ಬದಿಗೆ ಎರಡು. ಮೊಮ್ಮಗ ‘ಇದೇನಜ್ಜ?’ ಎಂದು ಕೇಳಿದ. ‘ಸ್ಪ್ಲಿಟರ್’ ಎಂದೆ. ಅವನಿಗೆ ಅಷ್ಟರಿಂದ ಏನೂ ತಿಳಿಯಲಿಲ್ಲ. ನನಗೆ ಮಾತ್ರ 2007ರ ಜುಲೈ ತಿಂಗಳ ಒಂದು ರಾತ್ರಿ ಕಣ್ಣ ಮುಂದೆ ಬಂದು ನಿಂತಿತು.

ನಾನು ನಿವೃತ್ತನಾಗಿ ಆಗ ಮೂರು ವರ್ಷ. ಮಲೆನಾಡಿನ ನಮ್ಮ ಪುಟ್ಟ ಊರಿಗೂ ಟೆಲಿಫೋನ್ ತಂತಿಯ ಮೂಲಕವೇ ಬ್ರಾಡ್‌ಬ್ಯಾಂಡ್ ಬಂದಿತ್ತು. ಆ ದಿನ ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದಳು. ನರ್ಸಿಂಗ್ ಓದಿದ ಆ ಹುಡುಗಿಗೆ ಮಸ್ಕತ್ತಿನಲ್ಲಿ ಕೆಲಸ ಸಿಗುವುದರಲ್ಲಿತ್ತು. ಆದರೆ ಶಾಲೆಯ ದಾಖಲಾತಿ ಪುಸ್ತಕದಲ್ಲಿದ್ದ ಹೆಸರಿಗೂ ವರ್ಗಾವಣೆ ಪತ್ರದಲ್ಲಿದ್ದ ಹೆಸರಿಗೂ ಇಂಗ್ಲಿಷಿನ ಒಂದಕ್ಷರದ ವ್ಯತ್ಯಾಸ. ಎರಡೂ ಒಬ್ಬಳದೇ ಹೆಸರೆಂಬ ಪತ್ರ ಮರುದಿನ ಬೆಳಿಗ್ಗೆ ಹನ್ನೊಂದರೊಳಗೆ ಮುಂಬಯಿಯ ಕಚೇರಿಗೆ ಫ್ಯಾಕ್ಸ್ ಮೂಲಕ ತಲುಪಬೇಕಾಗಿತ್ತು. ಆ ವರ್ಗಾವಣೆ ಪತ್ರವನ್ನು ಬರೆದು ಸಹಿ ಮಾಡಿದ ಮುಖ್ಯೋಪಾಧ್ಯಾಯ ನಾನೇ. ಆ ಹೆಚ್ಚಿನ ಅಕ್ಷರ ನನ್ನ ಕೈಯದು. ಅವಳು ಹಾಗೆಂದು ಒಂದು ಮಾತೂ ಆಡಲಿಲ್ಲ. ‘ಸಾರ್, ತೊಂದರೆ ಕೊಡ್ತಿದ್ದೀನಿ’ ಎಂದಳು. ನನಗೆ ನಾಚಿಕೆಯಾಯಿತು.

ಪತ್ರವನ್ನು ಬರೆದೆ. ಈಗಿನ ಮುಖ್ಯೋಪಾಧ್ಯಾಯರು ದಾಖಲಾತಿ ಪುಸ್ತಕದ ಪ್ರತಿಯನ್ನು ದೃಢೀಕರಿಸಿ ಕೊಟ್ಟರು. ಒಟ್ಟು ಎರಡು ಹಾಳೆ. ಆದರೆ ಊರಿನ ಎಸ್‌ಟಿಡಿ ಬೂತಿನ ಫ್ಯಾಕ್ಸ್ ಯಂತ್ರ ಹಿಂದಿನ ವಾರದ ಸಿಡಿಲಿಗೆ ಸುಟ್ಟುಹೋಗಿತ್ತು. ತಾಲ್ಲೂಕು ಕೇಂದ್ರಕ್ಕೆ ಹೋಗುವ ಕೊನೆಯ ಬಸ್ಸು ಹೊರಟುಹೋಗಿತ್ತು. ಆಗ ಮಗ ಬಿಟ್ಟುಹೋಗಿದ್ದ ಕಂಪ್ಯೂಟರಿನಿಂದಲೇ ಫ್ಯಾಕ್ಸ್ ಕಳುಹಿಸಬಹುದೆಂಬುದು ನೆನಪಾಯಿತು. ಸ್ಕ್ಯಾನರ್ ಇತ್ತು, ವಿಂಡೋಸ್ ಎಕ್ಸ್‌ಪಿಯಲ್ಲಿ ಫ್ಯಾಕ್ಸ್ ತಂತ್ರಾಂಶವೂ ಇತ್ತು.

ಅಂತರಜಾಲ ಇರುವುದರಿಂದ ಫ್ಯಾಕ್ಸ್ ತಾನಾಗಿ ಹೋಗುತ್ತದೆಂದು ಭಾವಿಸಿದ್ದು ನನ್ನ ಮೊದಲ ತಪ್ಪು. ಬ್ರಾಡ್‌ಬ್ಯಾಂಡಿನ ಮೋಡೆಮ್ಮಿಗೆ ಫ್ಯಾಕ್ಸಿನ ಭಾಷೆ ಬಾರದು. ಅದಕ್ಕೆ ಹಿಂದೆ ಡಯಲ್ ಮಾಡಿ ಅಂತರಜಾಲಕ್ಕೆ ಹೋಗುತ್ತಿದ್ದ ಕಾಲದ ಹಳೆಯ ಮೋಡೆಮ್ ಕಾರ್ಡೇ ಬೇಕು. ಪುಣ್ಯಕ್ಕೆ ಅದು ಕಂಪ್ಯೂಟರಿನ ಬೆನ್ನಿನಲ್ಲಿ ಹಾಗೆಯೇ ಉಳಿದಿತ್ತು. ತಂತಿಗಳನ್ನೆಲ್ಲ ಕಿತ್ತು, ಸ್ಪ್ಲಿಟರನ್ನು ಬದಿಗಿಟ್ಟು, ಕಾರ್ಡನ್ನು ನೇರವಾಗಿ ಗೋಡೆಗೆ ಜೋಡಿಸಿದೆ. ಡಯಲ್ ಟೋನ್ ಬಂತು. ಅದರೊಂದಿಗೆ ಬಾಣಲೆಯಲ್ಲಿ ಒಗ್ಗರಣೆ ಸಿಡಿದಂತಹ ಸದ್ದೂ ಬಂತು. ಮುಂಬಯಿಯ ಯಂತ್ರ ಶಿಳ್ಳೆ ಹಾಕಿ ಉತ್ತರಿಸಿತು. ಅರ್ಧ ಪುಟಕ್ಕೆ ಸಂಪರ್ಕ ಕಡಿಯಿತು. ವೇಗವನ್ನು 14,400ರಿಂದ 9,600ಕ್ಕೆ ಇಳಿಸಿದೆ. ತಂತಿ ಬದಲಿಸಿದೆ. ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದೆ. ಎಂಟು ಗಂಟೆಯ ಹೊತ್ತಿಗೆ ಮೊದಲು ಏನು ಹೇಗಿತ್ತೆಂಬುದೂ ಮರೆತುಹೋಗಿತ್ತು.

ಕೊನೆಗೆ ದೂರವಾಣಿ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದ ಇನ್ನೊಬ್ಬ ಶಿಷ್ಯನಿಗೆ ಫೋನು ಮಾಡಿದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ಎರಡು ಸಲ ನಪಾಸಾಗಿದ್ದ ಹುಡುಗ. ಅವನ ಪ್ರಗತಿ ಪತ್ರದಲ್ಲಿ ನಾನು ‘ಪಾಠದ ಕಡೆ ಗಮನವಿಲ್ಲ’ ಎಂದು ಬರೆದದ್ದು ನನಗೆ ನೆನಪಿತ್ತು. ಅವನಿಗೂ ನೆನಪಿದ್ದಿರಬೇಕು. ಒಂಬತ್ತು ಗಂಟೆಯ ಮಳೆಯಲ್ಲಿ ಮೊಪೆಡ್ಡಿನ ಮೇಲೆ ತೊಯ್ದುಕೊಂಡು ಬಂದ.

‘ಏನೇನು ಬದಲಾಯಿಸಿದ್ರಿ ಸಾರ್?’

‘ಎಲ್ಲವನ್ನೂ, ಮಾರಾಯ.’

ಅವನು ನಕ್ಕ. ‘ಲೋಲಕದ ಪಾಠದಲ್ಲಿ ನೀವೇ ಹೇಳಿದ್ರಲ್ಲ ಸಾರ್? ದಾರದ ಉದ್ದ ಬದಲಾಯಿಸುವಾಗ ಗುಂಡು ಬದಲಾಯಿಸಬಾರದು, ಒಂದು ಸಲಕ್ಕೆ ಒಂದೇ ಅಂತ.’

ನಾನು ಸುಮ್ಮನಾದೆ. ಅವನು ಎಲ್ಲವನ್ನೂ ಬಿಚ್ಚಿದ. ಬ್ರಾಡ್‌ಬ್ಯಾಂಡ್ ಮೋಡೆಮ್ಮನ್ನು ಆರಿಸಿ, ಒಂದು ಸಾದಾ ಫೋನನ್ನು ಗೋಡೆಗೆ ಜೋಡಿಸಿ ಕೇಳಿದ. ಶುದ್ಧವಾದ ಡಯಲ್ ಟೋನ್. ಹೊರಗಿನ ತಂತಿಯಲ್ಲಿ ದೋಷವಿಲ್ಲವೆಂದಾಯಿತು. ಆಮೇಲೆ ಮೋಡೆಮ್ಮನ್ನು ಮಾತ್ರ ಹಚ್ಚಿದ. ಒಗ್ಗರಣೆಯ ಸದ್ದು ಬಂತು. ನಡುವೆ ಸ್ಪ್ಲಿಟರ್ ಹಾಕಿದ, ಸದ್ದು ಅಡಗಿತು.

ಅದರ ಕಾರಣ ಸರಳವಾದದ್ದು. ಮನುಷ್ಯರ ಮಾತು ತಂತಿಯಲ್ಲಿ ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳೊಳಗೆ ಸಾಗುತ್ತದೆ. ಬ್ರಾಡ್‌ಬ್ಯಾಂಡ್ ಅದೇ ತಾಮ್ರದ ಜೋಡಿ ತಂತಿಯಲ್ಲಿ ಸುಮಾರು 25,000 ಕಂಪನಗಳಿಂದಾಚೆಗೆ ಸಾಗುತ್ತದೆ. ಇಬ್ಬರು ಒಂದೇ ರಸ್ತೆಯಲ್ಲಿ, ಒಬ್ಬ ಕೆಳಗೆ, ಒಬ್ಬ ಮೇಲೆ. ಸ್ಪ್ಲಿಟರ್ ಅವರನ್ನು ಬೇರ್ಪಡಿಸುತ್ತದೆ. ಫ್ಯಾಕ್ಸ್ ಕಂಪ್ಯೂಟರಿನಿಂದ ಹೊರಟರೂ ಮಾತಿನ ಜಾತಿಗೇ ಸೇರಿದ್ದು. ಅದನ್ನು ಸ್ಪ್ಲಿಟರಿನ ಫೋನ್ ತೂತಿಗೇ ಜೋಡಿಸಬೇಕು. ಸದ್ದಿನ ನಡುವೆಯೂ ನಮ್ಮ ಕಿವಿ ಮಾತನ್ನು ಊಹಿಸಿಕೊಳ್ಳುತ್ತದೆ. ಫ್ಯಾಕ್ಸ್ ಉಕ್ತಲೇಖನ ಬರೆಯುವ ಮಗುವಿನಂತೆ; ತಪ್ಪಿದ್ದನ್ನು ಊಹಿಸಲಾರದು.

ಹಾಗೆ ಜೋಡಿಸಿ ಕಳುಹಿಸಿದೆವು. ಮೊದಲ ಪುಟ ಹೋಯಿತು, ಎರಡನೆಯದು ನಡುವೆ ನಿಂತಿತು. ನನ್ನ ಕೈ ಮತ್ತೆ ವೇಗದ ಆಯ್ಕೆಯತ್ತ ಹೋಯಿತು. ‘ಅದನ್ನ ಈಗ ಮುಟ್ಟಬೇಡಿ ಸಾರ್, ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ’ ಎಂದ. ಬಳಿಕ ‘ಮನೆಯಲ್ಲಿ ಇನ್ನೊಂದು ಫೋನು ಉಂಟಾ?’ ಎಂದು ಕೇಳಿದ.

ಅಡುಗೆಮನೆಯ ಪಕ್ಕದ ಕೋಣೆಯಲ್ಲಿತ್ತು. ವರ್ಷಗಳ ಹಿಂದೆ ಸ್ಪ್ಲಿಟರಿಗಿಂತ ಮೊದಲೇ ತಂತಿಯನ್ನು ಕವಲೊಡೆಸಿ ಹಾಕಿಸಿಕೊಂಡದ್ದು. ಬ್ರಾಡ್‌ಬ್ಯಾಂಡ್ ಬಂದಾಗಿನಿಂದ ಅದರಲ್ಲಿ ಸುಯ್ಯೆಂಬ ಸದ್ದಿತ್ತು. ನನ್ನ ಹೆಂಡತಿ ಹತ್ತು ಸಲವಾದರೂ ಹೇಳಿದ್ದಳು. ನಾನು ‘ಮಳೆಗೆ ಹಾಗೆಯೇ’ ಎಂದು ತಳ್ಳಿಹಾಕಿದ್ದೆ. ಅವನು ಹೋಗಿ ಆ ಫೋನನ್ನು ಕಿತ್ತಿಟ್ಟು ಬಂದ. ಬೇರೇನನ್ನೂ ಮುಟ್ಟಲಿಲ್ಲ. ಮತ್ತೆ ಕಳುಹಿಸಿದೆವು. ಎರಡೂ ಪುಟಗಳು ತಲುಪಿದವೆಂದು ಪರದೆಯ ಮೇಲೆ ಕಾಣಿಸಿದಾಗ ಗಂಟೆ ಹತ್ತೂವರೆ ದಾಟಿತ್ತು. ಮರುದಿನವೇ ಅವನು ಆ ಫೋನಿಗೂ ಒಂದು ಫಿಲ್ಟರ್ ತಂದು ಹಾಕಿದ. ಸುಯ್ಯೆಂಬ ಸದ್ದು ನಿಂತಿತು.

ಹುಡುಗಿಗೆ ಕೆಲಸ ಸಿಕ್ಕಿತು. ಹೊರಡುವ ಮೊದಲು ಬಂದು ನಮಸ್ಕರಿಸಿದಳು. ನನ್ನ ಒಂದಕ್ಷರದ ತಪ್ಪಿಗಾಗಿ ನಾನೇ ಅವಳ ಕ್ಷಮೆ ಕೇಳಿದೆ.

ಲೈನ್‌ಮನ್ ಶಿಷ್ಯನ ಕ್ಷಮೆಯನ್ನು ಮಾತ್ರ ಆ ರಾತ್ರಿ ಕೇಳಲಾಗಲಿಲ್ಲ. ಕಾಫಿ ಕುಡಿದು, ಟವೆಲಿನಿಂದ ತಲೆ ಒರೆಸಿಕೊಂಡು, ಮಳೆಯಲ್ಲೇ ಹೊರಟುಹೋದ. ಈಗ ನಮ್ಮ ಮನೆಗೂ ಗಾಜಿನೆಳೆಯ ಸಂಪರ್ಕ ಬಂದಿದೆ. ತಾಮ್ರದ ತಂತಿಯೂ ಇಲ್ಲ, ಸ್ಪ್ಲಿಟರಿಗೆ ಕೆಲಸವೂ ಇಲ್ಲ. ಅವನೂ ನಿವೃತ್ತನಾಗಿದ್ದಾನೆ. ಮೂವತ್ತು ವರ್ಷ ನಾನು ಲೋಲಕದ ಪಾಠವನ್ನು ಹೇಳಿದೆ. ಬೇಕಾದ ದಿನ ಅದು ನನ್ನಲ್ಲಿರಲಿಲ್ಲ, ಕಿಟಕಿಯಾಚೆ ನೋಡುತ್ತ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹುಡುಗನಲ್ಲಿತ್ತು. ‘ಗಮನವಿಲ್ಲ’ ಎಂದು ನಾನು ಬರೆದದ್ದು ತಪ್ಪು. ಇದನ್ನು ಓದುವ ಅವನ ಸಹಪಾಠಿಗಳು ಅಷ್ಟನ್ನು ಅವನಿಗೆ ತಿಳಿಸಿದರೆ ಉಪಕಾರವಾಗುತ್ತದೆ. ಎದುರಿಗೆ ಸಿಕ್ಕರೆ ನಾನೂ ಹೇಳುತ್ತೇನೆ.